ಕಪ್ಪಾಗುವ ಲೋಹ

"ನಿನ್ನ ಬಾಯಾಗ ಮಣ್ಣ ಹಾಕ್ಲಿ, ಖರೇ ಹೇಳು! ಎಲ್ಲಿಂದ ತಂದಿ ಇದನ್ನ?"

ಚನ್ನಬಸಪ್ಪನ ಕೈಯಲ್ಲಿ ಖಾಲಿ ಬಕೆಟ್ಟು ಇನ್ನೂ ತೂಗಾಡುತ್ತಿತ್ತು. ಲೋಹ ಕೊಯ್ಯುವ ಲೇತ್ ಯಂತ್ರದ ಕೆಳಗಿನ ತಟ್ಟೆಯಲ್ಲಿ ಬಿದ್ದ ಲೋಹದ ತುರಿಗೆ ತನ್ನಷ್ಟಕ್ಕೆ ತಾನೇ ಬೆಂಕಿ ಹತ್ತಿಕೊಂಡಿತ್ತು. ನೀರು ಸುರಿದರೆ ಆರುವುದು ಬಿಟ್ಟು ಬುಸ್ಸೆಂದು ಮೇಲೆದ್ದು ಅವನ ಹುಬ್ಬು ಸುಟ್ಟಿತು. ಹೊರಗೆ ಗಾರೆ ಕೆಲಸಕ್ಕೆ ಹಾಕಿದ್ದ ಮರಳನ್ನು ಅದೇ ಬಕೆಟ್ಟಿನಲ್ಲಿ ತಂದು ಸುರಿದ ಮೇಲೆಯೇ ಅದು ಅಡಗಿದ್ದು.

"ಟಂಗ್‌ಸ್ಟನ್ ಅಣ್ಣಾ. ಗುಜರಿ ಅಂಗಡಿಯಂವ ಹಂಗ ಹೇಳಿ ಕೊಟ್ಟಾನ," ಎಂದ ಭರತೇಶ, ಬಾಗಿಲ ಹೊರಗೇ ನಿಂತು.

"ಏನ್ ಟಂಗ್‌ಸ್ಟನ್ನಲೇ? ಮೀಸಿ ಮೂಡೂಕಿಂತ ಮೊದಲಿಂದ ಲೇತಿನ ಮುಂದ ನಿಂತೇನಿ. ಹಿತ್ತಾಳಿ ಕೊಯ್ದೇನಿ, ಕಂಚು ಕೊಯ್ದೇನಿ, ಎಂಥೆಂಥಾ ಉಕ್ಕು ಕೊಯ್ದೇನಿ. ಬಿದ್ದಲ್ಲೇ ಉರಿಯೂ ಲೋಹ ನಾ ಕಂಡಿಲ್ಲ. ನನಗ ಟೊಪಗಿ ಹಾಕಬ್ಯಾಡ!"

ಭರತೇಶ ಬೆಳಗಾವಿ ಕಡೆಯ ಹುಡುಗ, ಇವರ ಹಾಗೆಯೇ ಹೊಟ್ಟೆಪಾಡಿಗೆ ಈ ಪರರಾಜ್ಯದ ಊರಿಗೆ ಬಂದವನು. ಪೈಪಿನ ಬೆಸುಗೆಗಳ ಎಕ್ಸ್‌ರೇ ತೆಗೆದು ಬಿರುಕು ಹುಡುಕುವ ಒಂದು ಕಂಪನಿಯಲ್ಲಿ ಕೆಲಸ. ಸಂಜೆಯಾದರೆ ಅಲ್ಕಾಪುರಿ ಬಡಾವಣೆಯ ಕ್ಲಬ್ಬೊಂದಕ್ಕೆ ಹೋಗಿ, ಗೋಡೆಗೆ ತೂಗುಹಾಕಿದ ದುಂಡನೆಯ ಹಲಗೆಗೆ ಗುರಿಯಿಟ್ಟು ಡಾರ್ಟೆಂಬ ಸಣ್ಣ ಬಾಣ ಎಸೆಯುವುದು ಅವನ ಹುಚ್ಚು. ಹಿತ್ತಾಳೆಯ ಡಾರ್ಟು ತೂಕ ಬರಬೇಕಾದರೆ ದಪ್ಪಗಾಗುತ್ತದೆ, ಮೂರೂ ಒಂದೇ ಕಡೆ ನಾಟಲು ಜಾಗವಾಗುವುದಿಲ್ಲ ಎಂದು ಅವನ ಗೋಳು. ಪರದೇಶದವು ಟಂಗ್‌ಸ್ಟನ್ನಿನವು, ಪೆನ್ಸಿಲಿನಷ್ಟು ಸಣ್ಣ, ತೂಕ ಮಾತ್ರ ಭಾರಿ. ಸೂರತ್ತಿನ ಪಂದ್ಯಕ್ಕೆ ಅಂಥವೇ ಬೇಕೆಂದು ಒಂದು ದಿನ ನಿಂಬೆಹಣ್ಣಿನಷ್ಟು ದೊಡ್ಡ ಬೂದು ಬಣ್ಣದ ತುಂಡು ತಂದು ಕೊಟ್ಟಿದ್ದ. ಅದನ್ನು ಅಂಗೈಗೆ ಇಳಿಸಿಕೊಂಡಾಗ ಚನ್ನಬಸಪ್ಪನ ಕೈ ಕೆಳಗೆ ಜಗ್ಗಿತ್ತು. ಸೀಸವೂ ಇಷ್ಟು ಭಾರವಿರುವುದಿಲ್ಲ. ಅವನಿಗೆ ಖುಷಿಯಾಗಿತ್ತು. ಗೋರ್ವಾ ಕೈಗಾರಿಕಾ ಪ್ರದೇಶದ ಬೇರೆ ಯಾವ ಶೆಡ್ಡಿನವನೂ ಮುಟ್ಟದ ಮಾಲು ತನ್ನ ಲೇತಿಗೆ ಬಂದಿತ್ತಲ್ಲ.

ಕೊಯ್ಯುವ ಕೆಲಸ ಅವನದಾದರೆ ಉಜ್ಜುವ ಕೆಲಸ ಹೆಂಡತಿ ತುಂಗಾಳದು. ಬಾಗಿಲ ಬೆಳಕಿಗೆ ಗೋಣಿ ಹಾಸಿಕೊಂಡು ಪಾಲಿಶ್ ಪೇಪರಿನಿಂದ ತಿಕ್ಕುತ್ತಿದ್ದಳು. ಈ ಲೋಹದ ರೀತಿಯೇ ಬೇರೆ. ಸಂಜೆ ಬೆಳ್ಳಿಯಂತೆ ಹೊಳೆಯುತ್ತಿದ್ದದ್ದು ಮುಂಜಾನೆಗೆ ಹಳದಿ ತಿರುಗಿ ಬಂಗಾರದಂತಾಗಿರುತ್ತಿತ್ತು, ಮರುದಿನಕ್ಕೆ ಮಸಿಯಂತೆ ಕಪ್ಪು. "ನನ್ನ ಅತ್ತೀ ಮಾರಿ ಆದಂಗ ಆತು ನೋಡ್ರಿ," ಎಂದು ನಕ್ಕು ಮತ್ತೆ ತಿಕ್ಕುವುದು, ಸೆರಗಿನ ಮೇಲೆ ಬಿದ್ದ ಕರಿ ಪುಡಿಯನ್ನು ಬಾಯಿಂದ ಊದಿ ಹಾರಿಸುವುದು. ಎರಡು ಡಾರ್ಟು ಆಗಿದ್ದವು. ಇವತ್ತು ಮೂರನೆಯದು.

ಈಗ ತುಂಗಾ ಎದ್ದು ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಭರತೇಶ, ನೀ ಯಾಕ ಒಳಗ ಬರಂಗಿಲ್ಲ?"

"ಏನ್ ವೈನಿ?"

"ಮೊದಲೆಲ್ಲ ಬಂದ್ರ ಲೇತಿಗೆ ಮೂಗು ಹಚ್ಚಿ ನಿಂದರತಿದ್ದಿ. ಈ ತುಕಡಿ ತಂದಾಗಿಂದ ಹೊಸ್ತಿಲಾ ದಾಟಿಲ್ಲ. ನಾ ಊದೂ ಮುಂದ ಎದ್ದು ರಸ್ತೇಕ ಹೋಗ್ತಿದ್ದಿ. ಚಾ ಕೊಟ್ರೂ ಅಲ್ಲೇ ನಿಂತು ಕುಡೀತಿದ್ದಿ."

ಭರತೇಶ ಕಾಲ ಬೆರಳು ನೋಡಿಕೊಂಡ. ಚನ್ನಬಸಪ್ಪನಿಗೂ ಈಗ ನೆನಪಾಯಿತು. ಹೌದಲ್ಲ. ಧೂಳಿಗೆ ಸೀನು ಬರ್ತದ ಅಂದಿದ್ದ. ಪೇಟೆಯ ಹುಡುಗ, ನಾಜೂಕು ಅಂದುಕೊಂಡು ತಾನೇ ನಕ್ಕಿದ್ದ.

"ಬೊಗಳಲೇ!"

"ಗುಜರಿಯಿಂದಲ್ಲ ಅಣ್ಣಾ. ನಮ್ಮ ಆಫೀಸಿನ ಸ್ಟೋರಿನಾಗ ಒಂದು ಹಳೇ ಕ್ಯಾಮೆರಾ ಪೆಟಗಿ ಒಡದು ಬಿದ್ದಿತ್ತು. ಎಕ್ಸ್‌ರೇ ತೆಗಿಯೂ ಪೆಟಗಿ. ಒಳಗಿನ ಕಿರಣ ಬಿಡೂ ಮದ್ದು ತೆಗದು ಯಾವಾಗೋ ಕಳಿಸ್ಯಾರ. ಇದು ಬರೇ ಆ ಕಿರಣ ತಡಿಯೂ ಸುತ್ತಲಿನ ಕವಚ. ಟಂಗ್‌ಸ್ಟನ್ನೇ ಇರಬೇಕಂತ ತಂದೆ, ದೇವರಾಣಿ. ಆದ್ರ ಕೆಲವು ಪೆಟಗಿಯೊಳಗ ಅದರ ಬದಲಿ ಯುರೇನಿಯಂ ಹಾಕಿರ್ತಾರಂತ. ಕಪ್ಪಾಗೂದು ನೋಡಿ ನನಗ ಸಂಶೇ ಬಂತು."

ಯುರೇನಿಯಂ. ಆ ಮಾತನ್ನು ಚನ್ನಬಸಪ್ಪ ಟೀವಿಯ ವಾರ್ತೆಯಲ್ಲಿ ಕೇಳಿದ್ದ. ಬಾಂಬಿನ ಸುದ್ದಿ ಬಂದಾಗ ಬರುವ ಮಾತು ಅದು. ಕಾಲುಗಳು ತಾವಾಗಿ ಎರಡು ಹೆಜ್ಜೆ ಹಿಂದೆ ಸರಿದವು. ಲೇತು, ಮರಳು, ಗೋಣಿ, ಗೂಟಕ್ಕೆ ಹಾಕಿದ ಅಂಗಿ, ಮುಚ್ಚಳ ತೆಗೆದಿಟ್ಟ ರೊಟ್ಟಿಯ ಡಬ್ಬಿ. ಎಲ್ಲದರ ಮೇಲೂ ಸಣ್ಣ ಕರಿ ಪುಡಿ ಕೂತಂತೆ ಕಂಡಿತು.

"ಸಂಶೇ ಬಂದ ಮ್ಯಾಲೂ ಉಜ್ಜಸಿದಿ ಅಕೀ ಕಡೆ?"

"ಇದರಾಗ ವಿಷ ಕಮ್ಮಿ ಅಂತಾರ ಅಣ್ಣಾ. ಮುಟ್ಟಿದ್ರ ಏನಾಗಂಗಿಲ್ಲ. ಪುಡಿ ಒಳಗ ಹೋದ್ರ ಅಷ್ಟ..."

"ಒಳಗ ಹೋದ್ರ?"

ಚನ್ನಬಸಪ್ಪ ಬಕೆಟ್ಟು ಬೀಸಿ ಎಸೆದ. ಅದು ಬಾಗಿಲ ಚೌಕಟ್ಟಿಗೆ ಬಡಿದು ಉರುಳಿತು. "ಅಕೀ ತಾಟಿನಾಗ ಉಂಡೀಯಲ್ಲಲೇ! ವೈನಿ ವೈನಿ ಅಂತ ಬದನೀಕಾಯಿ ಎಣ್ಣಿಗಾಯಿ ಮಾಡಿಸ್ಕೊಂಡು ಉಂಡಿ!"

"ಒದರಬ್ಯಾಡ್ರಿ," ಎಂದಳು ತುಂಗಾ. "ಏನ್ ಮಾಡೂದು ಅನ್ನೂದು ಕೇಳ್ರಿ ಅವನ್ನ."

ಆಫೀಸಿನಲ್ಲಿ ಕಿರಣ ಅಳೆಯುವ ಮೀಟರಿದೆ, ಹತ್ತಿರ ಹಿಡಿದರೆ ಏನಿದೆ ಏನಿಲ್ಲ ತೋರಿಸುತ್ತದೆ, ಹಿಂಗ ಹೋಗಿ ಹಂಗ ತರ್ತೇನಿ ಎಂದ ಭರತೇಶ. ಅಲ್ಲಿಯವರೆಗೆ ಶೆಡ್ಡಿನೊಳಗೆ ಹೋಗಬೇಡಿ, ಸಾಬೂನು ಹಚ್ಚಿ ಕೈ ತೊಳೆಯಿರಿ, ಯಾರಿಗೂ ಹೇಳಬೇಡಿ. ಕೊನೆಯ ಮಾತನ್ನು ಎರಡು ಸಲ ಹೇಳಿದ. ಸ್ಕೂಟರು ಒದ್ದು ತಿರುವಿನ ಚಹಾದಂಗಡಿ ದಾಟಿದ.

ಗಂಡ ಹೆಂಡತಿ ಹೊರಗಿನ ನಳದ ಕೆಳಗೆ ಕೈ ತೊಳೆದರು. ತುಂಗಾ ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು, ಬೆರಳು ಹಾಕಿ ನಾಲಿಗೆ ತಿಕ್ಕಿಕೊಂಡಳು. ಆಮೇಲೆ ಪಕ್ಕದ ಮುಚ್ಚಿದ ಶೆಡ್ಡಿನ ಕಟ್ಟೆಯ ಮೇಲೆ ಇಬ್ಬರೂ ಕೂತರು.

ಸರಕಾರಿ ದವಾಖಾನೆಗೆ ಹೋದರೆ ಏನೆಂದು ಹೇಳುವುದು? ಡಾಕ್ಟರು ಆ ಹೆಸರು ಕೇಳಿದ ಕೂಡಲೇ ಪೊಲೀಸರನ್ನು ಕರೆಯುತ್ತಾನೆ. ಊರಲ್ಲಿ ದೊಂಬಿ ಗಲಾಟೆಯಾಗಿ ಇನ್ನೂ ಬಹಳ ದಿನವಾಗಿಲ್ಲ. ತನ್ನಂಥ ಪರ ಊರಿನವನೊಬ್ಬ ಚೂಪಾದ ಮೂರು ಬಾಣಗಳನ್ನು ಬಾಂಬಿನ ಲೋಹದಲ್ಲಿ ಕೊಯ್ದಿದ್ದಾನೆ, ಅದೂ ಆಟಕ್ಕೆ ಎಂದರೆ ಯಾರು ನಂಬುತ್ತಾರೆ?

ಬಹಳ ಹೊತ್ತಾದರೂ ಭರತೇಶ ಬಾರದಿರಲು ಚಹಾದಂಗಡಿಯವನ ಫೋನಿನಿಂದ ಚನ್ನಬಸಪ್ಪ ಅವನ ಆಫೀಸಿಗೆ ಮಾಡಿದ. ಬಂದಿದ್ದ, ಊರಿಗೆ ಹೋಗಬೇಕೆಂದು ರಜೆ ಬರೆದಿಟ್ಟು ಆಗಲೇ ಹೋದ ಎಂದರು. ಮೀಟರು ಒಯ್ದನೇ ಎಂದು ಕೇಳಲು ಬಾಯಿ ತೆರೆದವನು ಹಾಗೇ ಫೋನು ಇಟ್ಟ.

ಕಟ್ಟೆಗೆ ಬಂದಾಗ ತುಂಗಾ ಅವನ ಮುಖ ನೋಡಿದಳು. ಸೀರೆಗೆ ತಾಗದಂತೆ ಎರಡೂ ಅಂಗೈಗಳನ್ನು ಮೇಲೆ ಮಾಡಿ ಮಂಡಿಯ ಆಚೆಗೆ ಹಿಡಿದಿದ್ದಳು. ಗಾಳಿಗೆ ಒಂದು ಎಳೆ ಕೂದಲು ಬಿಚ್ಚಿ ಅವಳ ಕಣ್ಣಿಗೆ ಬಿದ್ದು ನೀರು ಬರುತ್ತಿತ್ತು. ಕೈ ಎತ್ತಲಿಲ್ಲ.

"ಈ ಕೂದಲಷ್ಟ ಸರಸ್ರಿ," ಎಂದಳು.

ಚನ್ನಬಸಪ್ಪ ಕೈ ಚಾಚಿದವನು ತನ್ನ ಬೆರಳುಗಳನ್ನು ನೋಡಿಕೊಂಡ. ಮತ್ತೆ ಅವಳ ಪಕ್ಕಕ್ಕೆ ಬಗ್ಗಿ, ತೋಳು ಮಡಚಿ, ಮೊಣಕೈಯಿಂದ ಆ ಕೂದಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.