ಮೂವರು ಹಾಕಿದ ನೀರು

ಮಾರ್ಚ್ ಮೂರು, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ನಾಲ್ಕು ತಿಂಗಳ ತರಬೇತಿ ಮುಗಿಸಿ ಮನೆಗೆ ಬಂದ ಅಕ್ಕ ಚಪ್ಪಲಿಯನ್ನೂ ಕಳಚದೆ ಕಿಟಕಿಯ ಬಳಿಯಿದ್ದ ಕುಂಡದತ್ತ ಹೋದಳು. ಅಪ್ಪ ತೀರಿಕೊಳ್ಳುವ ಕೆಲವು ತಿಂಗಳ ಮುಂಚೆ ಅವರೂ ಅವಳೂ ಸೇರಿ ಬೀಜ ಹಾಕಿ ಎಬ್ಬಿಸಿದ, ಕಂಬದಂತೆ ನೆಟ್ಟಗೆ ಬೆಳೆಯುವ ಕಳ್ಳಿ ಗಿಡ ಅದು. ಹದಿನೇಳು ವರ್ಷಕ್ಕೆ ನಲವತ್ತೊಂದು ಸೆಂಟಿಮೀಟರ್ ಬೆಳೆದದ್ದು ಈಗ ಗೋಡೆಗೆ ಒರಗಿತ್ತು. ಬುಡ ಒತ್ತಿ ನೋಡಿದಳು. ಬೆರಳು ಒಳಕ್ಕೇ ಹೋಯಿತು.

"ನೀರು ಹಾಕಿದ್ದು ಯಾರು?"

"ನಾನೇ," ಎಂದ, ಗ್ಯಾರೇಜಿಗೆ ಹೊರಟಿದ್ದ ತಮ್ಮ. "ಹದಿನೈದು ದಿನಕ್ಕೊಂದ್ಸಲ, ಐವತ್ತು ಎಂಎಲ್. ಒಂದು ಹನಿ ಹೆಚ್ಚಿಲ್ಲ."

ಅಮ್ಮ ಅಡುಗೆಮನೆಯಿಂದ ಇಣುಕಿದರು. "ನೀನ್ಯಾಕೋ ಹಾಕ್ದೆ? ನಂಗೆ ತಾನೆ ವಹಿಸಿ ಹೋಗಿದ್ದು?"

ಪೇಪರ್ ಓದುತ್ತಿದ್ದ ಚಿಕ್ಕಮ್ಮ ಕನ್ನಡಕ ತೆಗೆದರು. "ನಂಗಲ್ವಾ ಹೇಳಿದ್ದು? ಅವರಿಬ್ಬರನ್ನ ನಂಬಿದ್ರೆ ಮುಗೀತು ಕಥೆ ಅಂತ?"

ಮೂರೂ ನಿಜ. ಪ್ರಯೋಗಾಲಯದಲ್ಲಿ ಪ್ರತಿ ಅಳತೆಯನ್ನೂ ಮೂರು ಸಲ ತೆಗೆಯುವ ಅವಳು, ಮನೆಯಲ್ಲಿ ಯಾರನ್ನೂ ನಂಬದೆ ಮೂವರ ಕಿವಿಯಲ್ಲೂ ಗುಟ್ಟಾಗಿ ಹೇಳಿ ಹೋಗಿದ್ದಳು. ಮೂವರೂ ಮಾತಿಗೆ ತಪ್ಪಿರಲಿಲ್ಲ. ಬೇರೆ ಬೇರೆ ದಿನ ಹಾಕಿದ್ದರಿಂದ ಮಣ್ಣಿಗೆ ಒಣಗಲು ಪುರಸೊತ್ತೇ ಸಿಕ್ಕಿರಲಿಲ್ಲ.

"ತಪ್ಪು ನಂದು," ಎಂದಳು. "ಚಾಕು ಕೊಡಮ್ಮ."

ಸ್ಪಿರಿಟ್ಟಿನಲ್ಲಿ ಚಾಕು ಒರೆಸಿ, ಬುಡದಿಂದ ಬಿಲ್ಲೆ ಬಿಲ್ಲೆಯಾಗಿ ಕೊಯ್ದಳು. ನಡುವೆ ಕೊಳೆತ ಕಂದು ಉಂಗುರ. ಮತ್ತೆ ಒರೆಸಿದಳು, ಮತ್ತೆ ಕೊಯ್ದಳು. ಮತ್ತೂ ಕಂದು.

"ಬಿಟ್ಬಿಡೇ, ಹೊಸದು ತರೋಣ," ಎಂದರು ಅಮ್ಮ.

ಅಕ್ಕ ಬಿಡಲಿಲ್ಲ. ಒಂಬತ್ತು ಸೆಂಟಿಮೀಟರ್ ತುದಿ ಉಳಿದಾಗ ಕೊಯ್ದ ಜಾಗ ಪೂರಾ ಹಸಿರಾಗಿ ಕಂಡಿತು. ಅದನ್ನು ಖಾಲಿ ಲೋಟದಲ್ಲಿ ನಿಲ್ಲಿಸಿ ನೆರಳಿಗಿಟ್ಟಳು.

"ಗಾಯ ಒಣಗಿ ತೊಗಲು ಕಟ್ಟಬೇಕು. ಬೇರು ಬರೋವರೆಗೆ ನೀರಿಲ್ಲ."

"ಬಾಯಾರಲ್ವೇನೇ ಪಾಪ?"

"ಬಾಯಾರಬೇಕು ಚಿಕ್ಕಮ್ಮ. ಆಗಲೇ ಅದು ಬೇರು ಬಿಡೋದು."

ಐದು ವಾರ ಕಳೆಯಿತು. ತುದಿ ಸೊರಗಿ ಸುಕ್ಕುಗಟ್ಟಿತು, ಬೇರಿನ ಸುಳಿವಿಲ್ಲ. ಅಷ್ಟರಲ್ಲಿ ಹನ್ನೊಂದು ದಿನ ಮತ್ತೆ ಹೊರಗೆ ಹೋಗುವ ಕೆಲಸ ಬಂತು. ಹೊರಡುವಾಗ ಅಕ್ಕ ಮೂವರನ್ನೂ ಒಟ್ಟಿಗೆ ಕೂರಿಸಿದಳು. "ಗಿಡ ನೋಡ್ಕೊಳ್ಳೋದು ತಮ್ಮ. ಅವನೊಬ್ಬನೇ."

"ಇವನಾ?" ಎಂದರು ಅಮ್ಮ. "ಅವನ ಟಿಫಿನ್ ಡಬ್ಬಿನೇ ಅವನಿಗೆ ನೆನಪಿರಲ್ಲ."

"ನೀರು ಹಾಕದೇ ಇರೋಕೆ ನೆನಪು ಯಾಕಮ್ಮ?" ಎಂದ ತಮ್ಮ.

ಬಸ್ಸಿನಲ್ಲಿ ಚಿಕ್ಕಮ್ಮನಿಗೊಂದು ಫೋನ್ ಮಾಡಿ, ಅವನ ಮೇಲೊಂದು ಕಣ್ಣಿಡಿ ಎನ್ನಲು ಕೈ ತುರಿಸಿತು. ಫೋನನ್ನು ಚೀಲದ ತಳಕ್ಕೆ ತುರುಕಿ, ಮೇಲೆ ಬಟ್ಟೆ ಒತ್ತಿದಳು.

ಅವಳು ಮರಳಿದಾಗ ನೀರು ಅಳೆದು ಹಾಕುವ ಲೋಟ ತಮ್ಮನ ಸ್ಪ್ಯಾನರ್ ಪೆಟ್ಟಿಗೆಯಲ್ಲಿ ಬೀಗದೊಳಗಿತ್ತು. "ನೀರು ಹಾಕೋಕೆ ಅಂತ ಅಮ್ಮ ಎರಡು ಸಲ ಹುಡುಕಿದ್ರು," ಎಂದ.

ಅಕ್ಕ ತುದಿಯನ್ನು ಎತ್ತಿ ತಿರುಗಿಸಿದಳು. ಒಣಗಿದ ತೊಗಲಿನ ನಡುವಿನಿಂದ ಬೆಳ್ಳಗಿನದೊಂದು ಹೊರಬಂದಿತ್ತು. ತಮ್ಮ ಗ್ಯಾರೇಜಿನಲ್ಲಿ ಸೂಕ್ಷ್ಮ ಅಳತೆಗೆ ಬಳಸುವ ವರ್ನಿಯರ್ ತಂದು, ತಾಗಿಯೂ ತಾಗದಂತೆ ಹಿಡಿದು, ಮೂರು ಸಲ ಓದಿದ.

ಬೇರಿನ ಉದ್ದ 3.2 ಮಿಲಿಮೀಟರ್.