ಅಮ್ಮ ನೋಡಿದ ಮೇಲೆ

"ಗುಂಡಿ ಹುಳ? ಇದ್ಯಾವ ಹುಳಾನೋ?" ಎಂದು ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಕೇಳಿದಳು.

ದರ್ಜಿ ಹೊಲಿಗೆ ಯಂತ್ರದ ಚಕ್ರಕ್ಕೆ ಕೈಯೊಡ್ಡಿ ನಿಲ್ಲಿಸಿದ. ಅಕ್ಕನ ತೊಡೆಯ ಮೇಲೆ ಅವನ ಮಗಳ ನೋಟ್‌ಬುಕ್ಕು ತೆರೆದಿತ್ತು. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳ ಒಂದು ಹುಳ, ಪಕ್ಕದಲ್ಲಿ ಅದರ ಉದ್ದ ಅಗಲ, ಕೆಳಗೆ ಪೆನ್ಸಿಲಿನಲ್ಲಿ ಹೆಸರು. ಮುಂದಿನ ಪುಟದಲ್ಲಿ ಕತ್ತರಿಬಾಲದ ಹಕ್ಕಿ. ಅದರ ಮುಂದಿನದರಲ್ಲಿ ಕಾಜಾ ಸೊಪ್ಪು. ಅಂಗಿಯ ಗುಂಡಿ ತೂರಿಸುವ ಕಾಜಾದಂತೆ ಎಲೆ ತುಂಬ ತೂತು ಬಿದ್ದ ಗಿಡಕ್ಕೆ ಆ ಹೆಸರು.

"ಅಂಗಡಿ ಸಾಮಾನನ್ನೆಲ್ಲ ಬಯಲಿಗೆ ಬಿಟ್ಟಿದ್ದೀಯಲ್ಲೋ," ಎಂದು ಅಕ್ಕ ನಕ್ಕಳು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ಪುಟ ತಿರುಗಿಸುತ್ತಾ ಹೋದಂತೆ ನಗು ತಾನಾಗಿ ನಿಂತಿತು. "ಇದೆಲ್ಲ ಯಾವ ಪುಸ್ತಕದಲ್ಲಿದೆ?"

ಯಾವ ಪುಸ್ತಕದಲ್ಲೂ ಇರಲಿಲ್ಲ. ಮಗಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಬೇಕೆಂದದ್ದು ಅವನ ಹೆಂಡತಿ. ದಿನಾ ನಾಲ್ಕು ಗಂಟೆಗೆ ಮಗಳನ್ನು ಮನೆ ಹಿಂದಿನ ಖಾಲಿ ಜಾಗಕ್ಕೆ ಹುಳ ಹಕ್ಕಿ ನೋಡಲು ಕರೆದೊಯ್ಯುತ್ತಿದ್ದಳು. ದೂರ ನಿಂತು ನೋಡು, ಹತ್ತಿರ ಹೋದರೆ ಅದು ಮಾಡುತ್ತಿದ್ದುದನ್ನು ನಿಲ್ಲಿಸಿಬಿಡುತ್ತದೆ ಎನ್ನುತ್ತಿದ್ದಳು. ಕಂಡದ್ದನ್ನು ಮಗಳು ಪೆನ್ಸಿಲಿನಲ್ಲಿ ಬರೆಯಬೇಕು. ಅಮ್ಮ ನೋಡಿ ಸರಿ ಎಂದ ಮೇಲೆ ಅದೇ ಅಕ್ಷರಗಳ ಮೇಲೆ ಹಸಿರು ಪೆನ್ನಿನಲ್ಲಿ ತಿದ್ದಬೇಕು. ನೋಟ್‌ಬುಕ್ಕಿನ ಮೊದಲರ್ಧವೆಲ್ಲ ಹಸಿರು. ಆಮೇಲಿನ ಎಂಟು ತಿಂಗಳು ಬರೀ ಪೆನ್ಸಿಲು.

ಅವಳು ತೀರಿಹೋದ ಹದಿನೈದನೇ ದಿನ ನಾಲ್ಕು ಗಂಟೆಗೆ ಮಗಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ದರ್ಜಿ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಹಿಂದೆ ಹೋದ. ಅಳೆಯುವುದು ಅವನಿಗೆ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಆ ಮುಖ ನೋಡಿದಾಗ ಬಾಯಿಗೆ ಬಂದದ್ದು ಹೇಳಿದ, ಮಗಳು ಬರೆದುಕೊಂಡಳು.

"ಬಾ ಮರಿ ಇಲ್ಲಿ," ಎಂದು ಅಕ್ಕ ಮಗುವನ್ನು ಕರೆದಳು. "ಸರಿಯಾದ ಹೆಸರು ನಾನು ಹೇಳ್ತೀನಿ. ಇದನ್ನ ಅಳಿಸಿ ಪೆನ್ನಲ್ಲೇ ಬರ್ಕೊ."

ಹತ್ತು ವರ್ಷದ ಹುಡುಗಿ ನೋಟ್‌ಬುಕ್ಕನ್ನು ಮೆಲ್ಲಗೆ ಎಳೆದುಕೊಂಡಳು. "ಪೆನ್ನಲ್ಲಿ ಬೇಡ ಅತ್ತೆ. ಅಮ್ಮ ನೋಡಿಲ್ಲ ಇನ್ನೂ."

ಹಾಲು ಕಾದಿಲ್ಲ ಇನ್ನೂ ಎನ್ನುವಷ್ಟು ಸಲೀಸಾಗಿ ಹೇಳಿ ಒಳಗೆ ಹೋದಳು.

"ಅವಳಿಗೆ ಗೊತ್ತಿಲ್ವೇನೋ?" ಎಂದು ಅಕ್ಕ ಪಿಸುಗುಟ್ಟಿದಳು.

"ಗೊತ್ತು ಅಕ್ಕ. ನನಗಿಂತ ಚೆನ್ನಾಗಿ ಗೊತ್ತು. ಆದ್ರೂ ದಿನಾ ಪೆನ್ಸಿಲ್ ಚೂಪು ಮಾಡ್ತಾಳೆ." ಅವನು ಬಟ್ಟೆ ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ನಿನ್ನ ಜೊತೆ ಕರ್ಕೊಂಡು ಹೋಗು. ಅಲ್ಲಿ ಶಾಲೆಗೆ ಸೇರಿಸು. ಇಲ್ಲಿ ನಾನೊಬ್ಬ, ಈ ಯಂತ್ರ ಒಂದು. ಇಬ್ಬರಿಗೂ ಮಾತು ಬರಲ್ಲ."

ಆ ಮಾತು ಹೇಳುವುದಕ್ಕೆಂದೇ ಅಕ್ಕ ಬಂದದ್ದು. ಜಗಳವಾಡಿಯಾದರೂ ಒಪ್ಪಿಸಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಈಗ ಅದೊಂದೂ ಬೇಕಾಗಲಿಲ್ಲ. ಅವಳು ಸೆರಗಿನಿಂದ ಕನ್ನಡಕ ಒರೆಸುತ್ತಾ ಅಡುಗೆಮನೆಗೆ ಹೋದಳು. ಹಿಂದೆಯೇ ಯಂತ್ರ ಸದ್ದು ಮಾಡಿತು, ನಿಂತಿತು.

"ಏನಾಯ್ತೋ?"

"ಏನಿಲ್ಲ, ನೂಲು ಕಡೀತು."

ಎರಡು ದಿನ ಬಿಟ್ಟು ಅವರು ಹೊರಟರು. ಬಸ್ ನಿಲ್ದಾಣದ ಬೆಂಚಿನ ಮೇಲೆ ಮಗಳು ಅವನ ಪಕ್ಕ ಕಾಲು ಆಡಿಸುತ್ತಾ ಕೂತಿದ್ದಳು. ಅಕ್ಕ ಟಿಕೆಟ್ಟಿನ ಸಾಲಿನಲ್ಲಿದ್ದಳು.

"ನಾನು ತಪ್ಪು ತಪ್ಪು ಬರೆದೆ ಅಂತಾನಾ ಕಳಿಸ್ತಿರೋದು?"

"ಅಲ್ಲ ಮರಿ. ತಪ್ಪು ಹೇಳಿದ್ದು ನಾನು. ಬಾಯಿಗೆ ಬಂದ ಹೆಸರು ಹೇಳ್ಬಿಟ್ಟೆ."

"ಗೊತ್ತಿತ್ತು ಬಿಡು," ಎಂದಳು ಮಗಳು. "ಗುಂಡಿ ಹುಳ ಅಂದಾಗ್ಲೇ ಗೊತ್ತಾಯ್ತು."

ಅವನಿಗೆ ನಗು ಬಂತು. ಮಗಳು ಚೀಲದಿಂದ ನೋಟ್‌ಬುಕ್ಕನ್ನೂ ಹಸಿರು ಪೆನ್ನನ್ನೂ ತೆಗೆದು ಅವನ ತೊಡೆಯ ಮೇಲಿಟ್ಟಳು.

"ನೀನೇ ನೋಡಪ್ಪ. ಸರಿ ಇರೋದಕ್ಕೆ ಮಾತ್ರ ಪೆನ್ನು ಹಾಕು. ತಪ್ಪಿದ್ರೆ ಹಾಗೇ ಬಿಡು. ಆಮೇಲೆ ನಂಗೆ ಕಳ್ಸು."

ಬಸ್ಸು ಹೊರಟಾಗ ಅವಳು ಕೈ ಬೀಸಲಿಲ್ಲ. ಕಿಟಕಿಗೆ ಹಣೆ ಒತ್ತಿಕೊಂಡು ಅವನನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ದರ್ಜಿ ಯಂತ್ರದ ಮೇಲೇ ನೋಟ್‌ಬುಕ್ಕು ಬಿಡಿಸಿದ. ಗುಂಡಿ ಹುಳ, ಕತ್ತರಿಬಾಲ, ಕಾಜಾ ಸೊಪ್ಪು. ಯಾವುದಕ್ಕೂ ಪೆನ್ನು ಹಾಕುವ ಧೈರ್ಯ ಬರಲಿಲ್ಲ. ಪುಟ ಮಗುಚುತ್ತಾ ಬರೆದದ್ದು ಮುಗಿಯುವ ಕಡೆಗೆ ಬಂದ. ಕೊನೆಯ ಪುಟದಲ್ಲಿ ಚಿತ್ರವಿರಲಿಲ್ಲ.

"ಹೆಸರು: ಅಪ್ಪ. ಕಂಡ ಜಾಗ: ಹೊಲಿಗೆ ಯಂತ್ರದ ಹತ್ತಿರ. ಸಮಯ: ದಿನಾ ಮಧ್ಯಾಹ್ನ, ನಾನು ಒಳಗೆ ಓದುತ್ತಿರುವಾಗ. ಯಂತ್ರ ನಿಲ್ಲುತ್ತದೆ. ಬಟ್ಟೆ ಚೂರಿನಿಂದ ಕಣ್ಣು ಒರೆಸಿಕೊಳ್ಳುತ್ತಾನೆ. ಕೇಳಿದರೆ ನೂಲು ಕಡಿಯಿತು ಎನ್ನುತ್ತಾನೆ. ಆಮೇಲೆ ಹೋಗಿ ನೋಡಿದೆ. ನೂಲು ಕಡಿದಿರಲಿಲ್ಲ. ಹತ್ತಿರ ಹೋದರೆ ನಿಲ್ಲಿಸಿಬಿಡುತ್ತಾನೆ. ಅದಕ್ಕೆ ದೂರದಿಂದ ನೋಡಿದ್ದೇನೆ."

ಅವನು ತಲೆ ಎತ್ತಿ ನೋಡಿದ. ಬಾಗಿಲಲ್ಲಿ ಈಗ ಯಾರೂ ಇರಲಿಲ್ಲ. ಆಮೇಲೆ ಪೆನ್ನಿನ ಮುಚ್ಚಳ ತೆಗೆದ. ಎಂಟು ತಿಂಗಳಿಂದ ಮುಟ್ಟದ ಪೆನ್ನು ಮೊದಲು ಬರೆಯಲಿಲ್ಲ. ಒಂದು ಚೂರು ಬಟ್ಟೆಯ ಮೇಲೆ ಗೀಚಿ ಗೀಚಿ ಶಾಯಿ ಬರಿಸಿದ. ಪುಟದ ಮೇಲೆ ಎಡಗೈ ಊರಿ, ಕಾಜಾ ಹೊಲಿಯುವಷ್ಟು ನಿಧಾನವಾಗಿ, ಮಗಳ ಪೆನ್ಸಿಲ್ ಅಕ್ಷರಗಳ ಮೇಲೆ ಒಂದೊಂದಾಗಿ ಹಸಿರು ತಿದ್ದತೊಡಗಿದ.