ಎರಡು ಒಲೆಗಳ ಹೊಗೆ

ಲಾರಿ ನಾಳೆ ಬರುತ್ತೆ ಅಂದಿದ್ದರು. ಆ ನಾಳೆ ಬಂದು ಹೋಗಿ ಎಷ್ಟು ಕಾಲವಾಯಿತೋ, ಲಾರಿಯ ಸುಳಿವೇ ಇಲ್ಲ.

ಪಾಪ, ಪರಿಹಾರದವರ ಲೆಕ್ಕಾಚಾರವೇನೋ ಸರಿಯಾಗಿತ್ತು. ಗುಂಡಿನ ಸದ್ದಿಗೆ ಊರು ಬಿಟ್ಟು ಶಿಬಿರ ಸೇರಿದ ಜನ ಎಷ್ಟು ಕಾಲ ಅಂತ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾರು? ಸದ್ದು ಅಡಗಿದೆ, ಹೋಗಿ ಬಿತ್ತಿಕೊಳ್ಳಲಿ ಅಂತ ಮನೆಗೊಂದು ಚೀಲ ಜೋಳದ ಬೀಜ, ಒಂದು ಗುದ್ದಲಿ ಕೊಟ್ಟರು. ಹಸಿದವರು ಬೀಜವನ್ನೇ ತಿಂದುಬಿಟ್ಟಾರು ಅಂತ ಫಸಲು ಬರುವವರೆಗಿನ ದಿನಸಿಯನ್ನೂ ಕೊಡುತ್ತೇವೆ ಅಂದರು. ಬೀಜ ಮುಂದೆ ಬಂತು, ದಿನಸಿಯ ಲಾರಿ ಹಿಂದೆ ಉಳಿಯಿತು. ಎಲ್ಲಿ ಉಳಿಯಿತು ಅಂತ ಯಾರನ್ನು ಕೇಳೋದು?

ಅವಳು ಒಬ್ಬಳೇ ಬಂದಿದ್ದಳು. ಗಂಡನ ಕಾಲಿಗೆ ಗುಂಡು ತಾಗಿತ್ತು, ಮಕ್ಕಳು ಸಣ್ಣವು. ಶಿಬಿರದಲ್ಲಾದರೆ ಎರಡು ಹೊತ್ತು ಬೇಯಿಸಿದ್ದು ಸಿಗುತ್ತೆ. ನೀನು ಬಿತ್ತು, ನಾವು ಪೈರು ನೋಡೋಕೆ ಬರ್ತೀವಿ ಅಂದಿದ್ದ ಗಂಡ. ಅರ್ಧ ಸುಟ್ಟ ಮನೆಯಲ್ಲಿ ಮೊದಮೊದಲು ಅವಳು ಅಭ್ಯಾಸಬಲದಿಂದ ಮಕ್ಕಳನ್ನು ಗದರುತ್ತಿದ್ದಳು, ಗುಡಿಸಿದ ಕಡೆ ತುಳಿಬೇಡ್ರೋ ಅಂತ. ತುಳಿಯೋಕೆ ಯಾರಿದ್ದಾರೆ? ಆಮೇಲೆ ಅದನ್ನೂ ಬಿಟ್ಟಳು. ಅಳು ಬಂದರೆ ಅಳುತ್ತಿದ್ದಳು, ಸಾಕಾದಾಗ ನಿಲ್ಲಿಸುತ್ತಿದ್ದಳು.

ಊರಿಗೆ ವಾಪಸ್ ಬಂದಿದ್ದ ಇನ್ನೊಬ್ಬ ನರಮನುಷ್ಯ ಅಂದರೆ ಪಕ್ಕದ ಹೊಲದ ಮೂಗಿನತುದಿ. ಕೋಪ ಸದಾ ಅಲ್ಲೇ ಕೂತಿರುತ್ತೆ ಅಂತ ಆ ಹೆಸರಿಟ್ಟವನು ಅವಳ ಗಂಡನೇ. ಮುಂಚೆ ಅವಳು ಅವನನ್ನು ಭಾವ ಅನ್ನುತ್ತಿದ್ದಳು. ಬದುವಿನ ಜಗಳದಲ್ಲಿ ಎರಡು ಮನೆಗೂ ಮಾತು ಬಿಟ್ಟು ವರ್ಷಗಳಾಗಿದ್ದವು. ಈಗ ಊರಿಗೆ ಊರೇ ಖಾಲಿ, ಇರೋದು ಇಬ್ಬರೇ, ಆದರೂ ಎದುರಾದರೆ ಇಬ್ಬರೂ ಆಕಾಶ ನೋಡುತ್ತಿದ್ದರು. ಬುದ್ಧಿ ಅಂದರೆ ಬುದ್ಧಿ!

ಬಿತ್ತೋಣ ಅಂದರೆ ಮಳೆಯಿಲ್ಲ, ತಂದ ಹಿಟ್ಟು ಮುಗಿಯಿತು. ವಾಪಸ್ ಹೋಗೋಣ ಅಂದರೆ ಊರಿಗೆ ಹೊರಟವರ ಹೆಸರನ್ನು ಶಿಬಿರದ ಪಟ್ಟಿಯಿಂದ ಹೊಡೆದುಹಾಕಿದ್ದರು. ಬದುವಿನ ಸೊಪ್ಪೂ ಬಿಸಿಲಿಗೆ ಒಣಗಿತು. ಆದರೂ ಸಂಜೆಯಾದರೆ ಅವಳು ಒಲೆ ಹಚ್ಚಿ ಬರೀ ನೀರು ಕುದಿಸುತ್ತಿದ್ದಳು. ಮೂಗಿನತುದಿಯ ಮುಂದೆ ಮಾನ ಹೋಗಬಾರದಲ್ಲ. ಅವನ ಮನೆಯಿಂದಲೂ ದಿನಾ ಹೊಗೆ ಏಳುತ್ತಿತ್ತು.

ಇವನಿಗೆ ಅಡುಗೆಗೆ ಎಲ್ಲಿಂದ ಬಂತು? ಯೋಚಿಸುತ್ತ ಕೂತವಳಿಗೆ ಒಂದು ಸಂಜೆ ತಟ್ಟನೆ ಹೊಳೆಯಿತು. ಬೀಜ ಬೇಯಿಸುತ್ತಿದ್ದಾನೆ! ಹುಳ ಹಿಡಿಯದಿರಲಿ ಅಂತ ಬೀಜಕ್ಕೆ ಗುಲಾಬಿ ಬಣ್ಣದ ವಿಷ ಸವರಿದೆ, ಎಷ್ಟು ತೊಳೆದರೂ ಹೋಗಲ್ಲ, ಬಾಯಿಗೆ ಹಾಕಬೇಡಿ ಅಂತ ಪರಿಹಾರದ ಹುಡುಗಿ ಬಾಯಿ ಬಡಕೊಂಡು ಹೇಳಿದ್ದಳು. ಆದರೆ ಇವನು ತಿಂದೂ ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದಾನಲ್ಲ.

ಚೀಲ ಬಿಚ್ಚಿ ಎರಡು ಹಿಡಿ ತೊಳೆದಳು. ನೀರು ಗುಲಾಬಿಯಾಯಿತು. ಮತ್ತೆ ತೊಳೆದಳು, ಮತ್ತೆ ಗುಲಾಬಿ. ಪಾತ್ರೆಗೆ ಹಾಕಹೋದವಳು ತಡೆದಳು. ತಾನಿಲ್ಲಿ ಸತ್ತು ಬಿದ್ದರೆ ಶಿಬಿರದಲ್ಲಿ ಯಾರಿಗೂ ಗೊತ್ತಾಗಲ್ಲ, ಮಕ್ಕಳು ಪೈರು ನೋಡೋಕೆ ಅಂತಲೇ ಕುಣಿದುಕೊಂಡು ಬರುತ್ತವೆ. ಎಷ್ಟು ಸಲ ತೊಳೆಯಬೇಕು ಅಂತ ಅವನನ್ನೇ ಕೇಳಿಬಿಡೋಣ, ಮಾನ ಹೋದರೆ ಹೋಗಲಿ ಅಂತ ಬದು ದಾಟಿದಳು.

ಅವನು ಒಲೆಯ ಮುಂದೆ ಕೂತಿದ್ದ.

"ಭಾವ, ಬೀಜಾನ ಎಷ್ಟು ಸಲ ತೊಳೆದು ಬೇಯಿಸ್ತೀರಿ?"

ಅವನು ಪಾತ್ರೆಯ ಮುಚ್ಚಳ ತೆಗೆದ. ಬರೀ ನೀರು ಕುದಿಯುತ್ತಿತ್ತು. ಮೂಲೆಯಲ್ಲಿದ್ದ ಬೀಜದ ಚೀಲದ ಹೊಲಿಗೆ ಹೊಲಿದಂತೆಯೇ ಇತ್ತು.

"ನಿನ್ನ ಮನೇಲಿ ದಿನಾ ಹೊಗೆ ಕಾಣ್ತಿತ್ತಲ್ಲಮ್ಮ," ಅಂದ. "ಬೀಜ ತಿಂದೂ ಚೆನ್ನಾಗೇ ಇದೀಯ ಅಂದ್ಕೊಂಡೆ. ನಾಳೆ ನಾನೂ ಚೀಲ ಬಿಚ್ಚೋಣ ಅಂತಿದ್ದೆ."

ಅವಳೂ ಒಲೆಯ ಮುಂದೆ ಕೂತಳು. ಅವನು ಒಂದು ಲೋಟ ಬಿಸಿನೀರು ಬಗ್ಗಿಸಿ ಕೊಟ್ಟ. ಅವನ ಹೆಂಡತಿಯ ನೆನಪಾಗಿ, ಅಕ್ಕ ಶಿಬಿರದಲ್ಲೇ ಉಳಿದರಾ ಅಂತ ಕೇಳಿದಳು. ಅಲ್ಲೇ ತೀರಿಹೋದಳು, ಜ್ವರ ಬಂದಿತ್ತು ಅಂದ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲವಂತೆ. ಹೇಳೋಕೆ ಯಾರಿದ್ದರು? ಒಬ್ಬಳಿದ್ದಳು, ಅವಳು ಆಕಾಶ ನೋಡುತ್ತಿದ್ದಳು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ನಾಳೇನೇ ಬಿತ್ತಿಬಿಡೋಣ ಭಾವ."

ಮಳೆ ಬೀಳದೆ ಬಿತ್ತಿದರೆ ಬೀಜ ಮಣ್ಣುಪಾಲಾದೀತು ಅಂದ ಅವನು.

"ಮನೇಲಿಟ್ಕೊಂಡ್ರೆ ತಿಂದು ಸಾಯ್ತೀವಿ."

ಬೆಳಗ್ಗೆ ಒಣ ಮಣ್ಣಿನಲ್ಲೇ ಅವನು ಗುಣಿ ತೋಡುತ್ತ ಹೋದ, ಅವಳು ಕಾಳು ಹಾಕಿ ಕಾಲಲ್ಲಿ ಮಣ್ಣು ಎಳೆಯುತ್ತ ಹೋದಳು. ತೊಳೆದ ಆ ಎರಡು ಹಿಡಿಯನ್ನೂ ಬಿಡಲಿಲ್ಲ. ತಲೆ ಸುತ್ತಿದಾಗಲೆಲ್ಲ ಬದುವಿನ ಮೇಲೆ ಕೂತು ಎದ್ದರು. ಎರಡು ಹೊಲವೂ ಮುಗಿಯುವ ಹೊತ್ತಿಗೆ ದಾರಿಯಲ್ಲಿ ಲಾರಿಯೂ ಇರಲಿಲ್ಲ, ಆಕಾಶದಲ್ಲಿ ಮೋಡವೂ ಇರಲಿಲ್ಲ. ಖಾಲಿ ಚೀಲ ಕೊಡವಿ, ಕೈಕಾಲು ತೊಳೆದು, ಅವರವರ ಮನೆಗೆ ಹೋದರು.

ಆ ಸಂಜೆ ಇಬ್ಬರೂ ಒಲೆ ಹಚ್ಚಲಿಲ್ಲ.